ಒಂದೇ ಬರವಣಿಗೆ, ಎರಡು ಬಗೆಯ ಮೊಬೈಲ್: ವ್ಯಾಪಾರೋಪಯೋಗಿ ಆಪ್‌ಗಳ ಪರದೆ ನಿರ್ಮಾಣ

ಮೈಸೂರಿನ ಅಗರಬತ್ತಿ ತಯಾರಕರೊಬ್ಬರ ವಹಿವಾಟನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಅವರ ಹನ್ನೆರಡು ಮಂದಿ ಮಾರಾಟ ಪ್ರತಿನಿಧಿಗಳು ವಾರದಲ್ಲಿ ಆರು ದಿನ ಊರೂರು ಸುತ್ತಿ, ಅಂಗಡಿಗಳಿಂದ ಆರ್ಡರ್ ಪಡೆದು, ಕಾರ್ಬನ್ ಹಾಳೆಯಿಟ್ಟ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಆ ಪುಸ್ತಕ ಕಾರ್ಖಾನೆಗೆ ತಲುಪುವುದು ಶನಿವಾರ. ಅಷ್ಟರಲ್ಲಿ ಕೆಲವು ಅಂಗಡಿಯವರು ಬೇರೆ ತಯಾರಕರಿಂದ ಸರಕು ತರಿಸಿಕೊಂಡಿರುತ್ತಾರೆ. ಕೆಲವು ಹಾಳೆಗಳಲ್ಲಿ ಡಜನ್ ಯಾವುದು, ಪೆಟ್ಟಿಗೆ ಯಾವುದು ಎಂಬುದೇ ತಿಳಿಯುವುದಿಲ್ಲ. ಈ ನಷ್ಟವನ್ನು ತಪ್ಪಿಸಲು ಮೊಬೈಲ್ ಆಪ್ ಒಂದನ್ನು ಮಾಡಿಸಲು ಮಾಲೀಕರು ನಿರ್ಧರಿಸಿ, ಇಬ್ಬರು ತಂತ್ರಾಂಶ ತಯಾರಕರಿಂದ ಕೊಟೇಶನ್ ತರಿಸುತ್ತಾರೆ. ಮೊದಲನೆಯವರು ಆಂಡ್ರಾಯ್ಡ್ ಫೋನುಗಳಿಗೆ ಒಂದು, ಐಫೋನಿಗೆ ಮತ್ತೊಂದು ಎಂದು ಎರಡು ಪ್ರತ್ಯೇಕ ಮೊತ್ತಗಳನ್ನು ನಮೂದಿಸಿದ್ದಾರೆ. ಎರಡನೆಯವರು ಒಂದೇ ಬರವಣಿಗೆಯಿಂದ ಎರಡೂ ಫೋನುಗಳಲ್ಲಿ ನಡೆಯುವ ಆಪ್ ಮಾಡಿಕೊಡುವುದಾಗಿ ತಿಳಿಸಿ, ಬಹಳ ಕಡಿಮೆ ಮೊತ್ತ ಕೇಳಿದ್ದಾರೆ.

ಕಡಿಮೆ ಬೆಲೆಯದು ಕಳಪೆಯೇ, ಅಥವಾ ಹೆಚ್ಚು ಬೆಲೆಯದು ಅನಗತ್ಯ ವೆಚ್ಚವೇ? ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ಉದ್ಯಮಿಯು ಪ್ರೋಗ್ರಾಮ್ ಬರೆಯಲು ಕಲಿಯಬೇಕಾಗಿಲ್ಲ. ಆದರೆ ಆಪ್‌ನ ಪರದೆ ಹೇಗೆ ನಿರ್ಮಾಣವಾಗುತ್ತದೆ ಎಂಬ ಸ್ಥೂಲ ಪರಿಚಯ ಅವಶ್ಯಕ. ಆ ಪರಿಚಯವನ್ನು ಮಾಡಿಕೊಡುವುದೇ ಈ ಲೇಖನದ ಉದ್ದೇಶ.

ಎರಡು ವ್ಯವಸ್ಥೆಗಳು, ಎರಡು ಪಟ್ಟು ಕೆಲಸ

ಆಪಲ್ ಸಂಸ್ಥೆಯ ಐಫೋನ್ 2007ರಲ್ಲಿ ಮಾರುಕಟ್ಟೆಗೆ ಬಂದಿತು. ಆಪ್‌ಗಳನ್ನು ಮಾರುವ ಅದರ ಆಪ್ ಸ್ಟೋರ್ 2008ರ ಜುಲೈನಲ್ಲಿ ಆರಂಭವಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಗೂಗಲ್‌ನ ಆಂಡ್ರಾಯ್ಡ್ ವ್ಯವಸ್ಥೆಯುಳ್ಳ ಮೊದಲ ಫೋನ್ ಮಾರಾಟಕ್ಕೆ ಬಂದಿತು. ಈ ಎರಡು ವ್ಯವಸ್ಥೆಗಳಿಗೆ ಬಳಸುವ ಪ್ರೋಗ್ರಾಮಿಂಗ್ ಭಾಷೆಗಳೇ ಬೇರೆ. ಐಫೋನಿಗೆ ಮೊದಲು ಆಬ್ಜೆಕ್ಟಿವ್-ಸಿ, 2014ರಿಂದ ಸ್ವಿಫ್ಟ್. ಆಂಡ್ರಾಯ್ಡ್‌ಗೆ ಮೊದಲು ಜಾವಾ, 2017ರಿಂದ ಗೂಗಲ್‌ನ ಅಧಿಕೃತ ಮನ್ನಣೆ ಪಡೆದ ಕಾಟ್ಲಿನ್. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ನೇರವಾಗಿ ನಡೆಯುವುದಿಲ್ಲ. ಆದುದರಿಂದ ಒಂದೇ ಆರ್ಡರ್ ನಮೂನೆಯನ್ನು ಇಬ್ಬರು ತಜ್ಞರು ಎರಡು ಬಾರಿ ಬರೆಯಬೇಕಾಗುತ್ತದೆ. ಹೊಸ ಸುಗಂಧವೊಂದನ್ನು ಪಟ್ಟಿಗೆ ಸೇರಿಸುವ ಕ್ರಮ ಬದಲಾದರೂ ಎರಡು ಕಡೆ ತಿದ್ದಬೇಕು, ಎರಡು ಕಡೆ ಪರೀಕ್ಷಿಸಬೇಕು. ಮೊದಲ ಕೊಟೇಶನ್ನಿನ ಮೊತ್ತ ಹೆಚ್ಚಾಗಲು ಇದೇ ಕಾರಣ.

ಮಾರ್ಕ್‌ಅಪ್ ಎಂದರೇನು?

ಅಂತರಜಾಲದ ಪುಟಗಳು ಮಾತ್ರ ಈ ತೊಂದರೆಯಿಂದ ಮೊದಲಿನಿಂದಲೂ ಮುಕ್ತವಾಗಿದ್ದವು. ಜಿನೀವಾದ ಸಮೀಪವಿರುವ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಟಿಮ್ ಬರ್ನರ್ಸ್-ಲೀ ಅವರು ರೂಪಿಸಿದ ಎಚ್‌ಟಿಎಂಎಲ್ ಎಂಬ ಮಾರ್ಕ್‌ಅಪ್ ಭಾಷೆಯಲ್ಲಿ ಬರೆದ ಪುಟವನ್ನು ಯಾವ ತಯಾರಕರ ಗಣಕಯಂತ್ರವಾದರೂ ತೋರಿಸಬಲ್ಲದು. ಮಾರ್ಕ್‌ಅಪ್ ಎಂಬ ಪದ ಮುದ್ರಣಾಲಯದಿಂದ ಬಂದದ್ದು. ಹಸ್ತಪ್ರತಿಯ ಮೇಲೆ, ಇದು ಶೀರ್ಷಿಕೆ, ಇದು ದಪ್ಪ ಅಕ್ಷರ ಎಂದು ಅಚ್ಚುಮೊಳೆ ಜೋಡಿಸುವವರಿಗೆ ಹಾಕುತ್ತಿದ್ದ ಗುರುತುಗಳಿಗೆ ಆ ಹೆಸರಿತ್ತು.

ವ್ಯಾಪಾರಿಗಳಿಗೆ ಇದಕ್ಕಿಂತ ಹತ್ತಿರದ ಹೋಲಿಕೆ ಸರಕಿನ ಪೆಟ್ಟಿಗೆಯ ಮೇಲಿನ ಗುರುತು. ಈ ಬದಿ ಮೇಲಿರಲಿ, ಒಡೆಯುವ ವಸ್ತು, ನೀರು ತಾಗಿಸಬೇಡಿ ಎಂಬ ಚಿಹ್ನೆಗಳನ್ನು ಒಮ್ಮೆ ಮುದ್ರಿಸಿದರೆ ಸಾಕು. ಲಾರಿಯಾಗಲಿ, ರೈಲಾಗಲಿ, ಆಯಾ ಹಮಾಲರು ಅದನ್ನು ಓದಿ ತಮ್ಮ ಪದ್ಧತಿಯಂತೆ ಪೆಟ್ಟಿಗೆಯನ್ನು ಇಡುತ್ತಾರೆ. ಯಾವ ಕೈಯಿಂದ ಎತ್ತಬೇಕೆಂದು ಗುರುತು ಹೇಳುವುದಿಲ್ಲ. ವಸ್ತು ಎಂತಹುದು ಎಂಬುದನ್ನಷ್ಟೇ ಹೇಳುತ್ತದೆ. ಮಾರ್ಕ್‌ಅಪ್‌ನ ಸ್ವರೂಪವೂ ಇದೇ. ಇಲ್ಲಿ ಒಂದು ಗುಂಡಿ ಇರಲಿ ಎಂದು ಬರೆದರೆ, ಆ ಗುಂಡಿಯನ್ನು ಹೇಗೆ ಚಿತ್ರಿಸಬೇಕೆಂಬುದು ಆಯಾ ಫೋನಿಗೆ ಬಿಟ್ಟ ವಿಷಯ.

ಆರ್ಡರ್ ಪರದೆಯೊಂದರ ಮಾರ್ಕ್‌ಅಪ್ ಸ್ಥೂಲವಾಗಿ ಕೆಳಗಿನಂತಿರುತ್ತದೆ. ವಾಸ್ತವದಲ್ಲಿ ಗುರುತುಗಳು ಇಂಗ್ಲಿಷ್ ಅಕ್ಷರಗಳಲ್ಲಿರುತ್ತವೆ. ಅರ್ಥವಾಗಲೆಂದು ಇಲ್ಲಿ ಕನ್ನಡದಲ್ಲಿ ಕೊಡಲಾಗಿದೆ.

<ಪರದೆ>
  <ಶೀರ್ಷಿಕೆ>ಹೊಸ ಆರ್ಡರ್</ಶೀರ್ಷಿಕೆ>
  <ಸಾಲು>
    <ಪಠ್ಯ>ಮಲ್ಲಿಗೆ, 100 ಗ್ರಾಂ</ಪಠ್ಯ>
    <ನಮೂದು ಬಗೆ="ಸಂಖ್ಯೆ" ಸೂಚನೆ="ಎಷ್ಟು ಡಜನ್?"/>
  </ಸಾಲು>
  <ಗುಂಡಿ ಒತ್ತಿದಾಗ="ಆರ್ಡರ್ ಉಳಿಸು">ಉಳಿಸಿ</ಗುಂಡಿ>
</ಪರದೆ>

ಇಲ್ಲಿ ಗಮನಿಸಬೇಕಾದ ಅಂಶಗಳು ಮೂರು. ಮೊದಲನೆಯದು, ಒಂದು ಗುರುತು ತೆರೆದರೆ ಅದನ್ನು ಮುಚ್ಚಲೇಬೇಕು. ದೊಡ್ಡ ಪೆಟ್ಟಿಗೆಯೊಳಗೆ ಚಿಕ್ಕ ಪೆಟ್ಟಿಗೆ ಇಟ್ಟಂತೆ ಪರದೆಯೊಳಗೆ ಸಾಲು, ಸಾಲಿನೊಳಗೆ ಪಠ್ಯ ಮತ್ತು ನಮೂದು ಇವೆ. ಎರಡನೆಯದು, ಗುರುತಿನ ಜೊತೆ ಅದರ ಗುಣವನ್ನೂ ಬರೆಯಬಹುದು. ನಮೂದಿನ ಬಗೆ ಸಂಖ್ಯೆ ಎಂದು ಬರೆದಾಗ ಫೋನ್ ತಾನಾಗಿಯೇ ಅಂಕಿಗಳ ಕೀಲಿಮಣೆಯನ್ನು ತೋರಿಸುತ್ತದೆ. ಪ್ರತಿನಿಧಿಯ ಸಮಯ ಉಳಿಯುತ್ತದೆ, ತಪ್ಪು ಕಡಿಮೆಯಾಗುತ್ತದೆ. ಮೂರನೆಯದು, ಬಣ್ಣ, ಅಳತೆ ಇತ್ಯಾದಿ ಅಲಂಕಾರವನ್ನು ಪ್ರತ್ಯೇಕ ಪಟ್ಟಿಯಲ್ಲಿಯೂ, ಗುಂಡಿ ಒತ್ತಿದಾಗ ನಡೆಯಬೇಕಾದ ಕ್ರಿಯೆಯನ್ನು ಪ್ರತ್ಯೇಕ ಆದೇಶಗಳಲ್ಲಿಯೂ ಬರೆಯಲಾಗುತ್ತದೆ. ಅಂತರಜಾಲದಲ್ಲಿ ಅಲಂಕಾರದ ಭಾಷೆ ಸಿಎಸ್‌ಎಸ್, ಕ್ರಿಯೆಯ ಭಾಷೆ ಜಾವಾಸ್ಕ್ರಿಪ್ಟ್.

ಮೂರು ಮಾರ್ಗಗಳು

ಒಂದೇ ಮಾರ್ಕ್‌ಅಪ್‌ನಿಂದ ಎರಡೂ ಫೋನುಗಳನ್ನು ತಲುಪಲು ಇಂದು ಮುಖ್ಯವಾಗಿ ಮೂರು ಮಾರ್ಗಗಳಿವೆ. ಒಂದೇ ಬರವಣಿಗೆ ಎಂಬ ಮಾತು ಕೊಟೇಶನ್ನಿನಲ್ಲಿ ಬಂದಾಗ, ಅದು ಯಾವ ಮಾರ್ಗ ಎಂದು ಕೇಳುವುದು ಉದ್ಯಮಿಯ ಮೊದಲ ಕರ್ತವ್ಯ.

1. ಆಪ್‌ನೊಳಗೆ ಅಂತರಜಾಲ ಪುಟ: ಎಚ್‌ಟಿಎಂಎಲ್ ಪುಟಗಳನ್ನೇ ಒಂದು ಆಪ್‌ನ ಹೊದಿಕೆಯೊಳಗೆ ಇಟ್ಟು, ಫೋನಿನಲ್ಲಿರುವ ಬ್ರೌಸರ್ ಘಟಕದ ಮೂಲಕ ತೋರಿಸುವ ಕ್ರಮವಿದು. 2008ರಲ್ಲಿ ನಿಟೋಬಿ ಎಂಬ ಕೆನಡಾದ ಸಂಸ್ಥೆ ರೂಪಿಸಿದ ಫೋನ್‌ಗ್ಯಾಪ್ ಇದಕ್ಕೆ ದಾರಿ ತೋರಿತು. 2011ರಲ್ಲಿ ಅಡೋಬಿ ಸಂಸ್ಥೆ ನಿಟೋಬಿಯನ್ನು ಕೊಂಡುಕೊಂಡು, ಮೂಲ ಬರವಣಿಗೆಯನ್ನು ಅಪಾಚೆ ಪ್ರತಿಷ್ಠಾನಕ್ಕೆ ನೀಡಿತು. ಅದು ಕಾರ್ಡೋವಾ ಎಂಬ ಹೆಸರಿನಿಂದ ಮುಂದುವರಿಯಿತು. 2013ರಲ್ಲಿ ಬಂದ ಅಯಾನಿಕ್ ಇದೇ ಮಾರ್ಗದ ಮತ್ತೊಂದು ಸಾಧನ. ಕ್ಯಾಮೆರಾ ಮೊದಲಾದವುಗಳನ್ನು ಪ್ಲಗ್-ಇನ್ ಎಂಬ ಸಣ್ಣ ಜೋಡಣೆಗಳ ಮೂಲಕ ಬಳಸಬಹುದು. ಜಾಲತಾಣ ಮಾಡಬಲ್ಲವರು ಇದನ್ನು ಬೇಗ ಕಲಿಯುತ್ತಾರೆ, ವೆಚ್ಚ ಕಡಿಮೆ. ಆದರೆ ಕಡಿಮೆ ಬೆಲೆಯ ಫೋನುಗಳಲ್ಲಿ ಸಾವಿರಾರು ವಸ್ತುಗಳ ಪಟ್ಟಿಯನ್ನು ಸರಿಸುವಾಗ ಪರದೆ ತಡವರಿಸುವುದುಂಟು.

2. ಮಾರ್ಕ್‌ಅಪ್‌ನಿಂದ ಫೋನಿನ ಸ್ವಂತ ಗುಂಡಿಗಳು: ಇಲ್ಲಿ ಬರವಣಿಗೆ ಎಚ್‌ಟಿಎಂಎಲ್‌ನಂತೆ ಕಾಣುತ್ತದೆ, ಆದರೆ ಬ್ರೌಸರ್ ಇರುವುದಿಲ್ಲ. ಗುಂಡಿ ಎಂಬ ಗುರುತನ್ನು ಓದಿದ ತಂತ್ರಾಂಶ ಐಫೋನಿನಲ್ಲಿ ಐಫೋನಿನದೇ ಗುಂಡಿಯನ್ನು, ಆಂಡ್ರಾಯ್ಡ್‌ನಲ್ಲಿ ಆಂಡ್ರಾಯ್ಡ್‌ನದೇ ಗುಂಡಿಯನ್ನು ಮೂಡಿಸುತ್ತದೆ. ಫೇಸ್‌ಬುಕ್ ಸಂಸ್ಥೆ 2015ರಲ್ಲಿ ಎಲ್ಲರ ಬಳಕೆಗೆ ಬಿಟ್ಟ ರಿಯಾಕ್ಟ್ ನೇಟಿವ್, ಅದೇ ವರ್ಷ ಬಂದ ನೇಟಿವ್‌ಸ್ಕ್ರಿಪ್ಟ್, ಎಕ್ಸ್‌ಎಎಂಎಲ್ ಎಂಬ ಮಾರ್ಕ್‌ಅಪ್ ಬಳಸುವ ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ಮಾವಿ ಈ ವರ್ಗಕ್ಕೆ ಸೇರಿವೆ. ಪರದೆಯ ಚಲನೆ ಸರಾಗವಾಗಿರುತ್ತದೆ. ಆದರೆ ಎಚ್‌ಟಿಎಂಎಲ್ ಮಾತ್ರ ಬಲ್ಲವರಿಗೆ ಇದು ಸಾಲದು. ಎರಡೂ ಫೋನುಗಳ ಒಳವ್ಯವಸ್ಥೆಯ ಅರಿವು ಬೇಕು.

3. ಫೋನಿನಲ್ಲಿ ನೆಲೆಗೊಳ್ಳುವ ಜಾಲತಾಣ: ಪ್ರೋಗ್ರೆಸಿವ್ ವೆಬ್ ಆಪ್ ಎಂದು ಕರೆಯಲ್ಪಡುವ ಈ ಕ್ರಮದಲ್ಲಿ ಸ್ಟೋರ್‌ನ ಅವಶ್ಯಕತೆಯೇ ಇಲ್ಲ. ಜಾಲತಾಣವನ್ನು ತೆರೆದು ಮುಖ್ಯ ಪರದೆಗೆ ಸೇರಿಸಿಕೊಂಡರೆ ಅದು ಆಪ್‌ನಂತೆಯೇ ನಡೆಯುತ್ತದೆ. ಸರ್ವಿಸ್ ವರ್ಕರ್ ಎಂಬ ಏರ್ಪಾಡು ಪುಟಗಳನ್ನು ಫೋನಿನಲ್ಲಿಯೇ ಇಟ್ಟುಕೊಳ್ಳುವುದರಿಂದ ನೆಟ್‌ವರ್ಕ್ ಇಲ್ಲದಿದ್ದರೂ ಪರದೆ ತೆರೆಯುತ್ತದೆ. ಐಫೋನ್ ಈ ಏರ್ಪಾಡನ್ನು 2018ರಿಂದ ಒಪ್ಪಿಕೊಂಡಿದೆ. ಆದರೆ ಬ್ಲೂಟೂತ್ ಮುದ್ರಣಯಂತ್ರದೊಂದಿಗೆ ನೇರ ಸಂಪರ್ಕ ಬೇಕಾದಲ್ಲಿ ಐಫೋನಿನ ಸಫಾರಿ ಬ್ರೌಸರ್ ಅದಕ್ಕೆ ಅವಕಾಶ ಕೊಡುವುದಿಲ್ಲ.

ಗೂಗಲ್‌ನ ಫ್ಲಟರ್ ಕೂಡ ಒಂದೇ ಬರವಣಿಗೆಯಿಂದ ಎರಡು ಫೋನುಗಳಿಗೆ ಆಪ್ ಕೊಡುತ್ತದೆ. ಅದರಲ್ಲಿ ಮಾರ್ಕ್‌ಅಪ್ ಇಲ್ಲ. ಡಾರ್ಟ್ ಎಂಬ ಭಾಷೆಯಲ್ಲಿ ಬರೆದ ಪರದೆಯನ್ನು ಅದು ತಾನೇ ಚಿತ್ರಿಸುತ್ತದೆ.

ದೊಡ್ಡವರ ಅನುಭವದಿಂದ ಪಾಠ

ಫೇಸ್‌ಬುಕ್ ತನ್ನ ಮೊಬೈಲ್ ಆಪ್‌ಗಳನ್ನು ಆರಂಭದಲ್ಲಿ ಹೆಚ್ಚಾಗಿ ಎಚ್‌ಟಿಎಂಎಲ್ ಪುಟಗಳ ಮೇಲೆ ಕಟ್ಟಿತ್ತು. ನಿಧಾನಗತಿಯ ಬಗ್ಗೆ ದೂರುಗಳು ಹೆಚ್ಚಿ, 2012ರ ಆಗಸ್ಟ್‌ನಲ್ಲಿ ಐಫೋನ್ ಆಪ್ ಅನ್ನು ಐಫೋನಿನ ಸ್ವಂತ ಭಾಷೆಯಲ್ಲಿ ಮತ್ತೆ ಬರೆಯಿತು. ಎಚ್‌ಟಿಎಂಎಲ್‌ನ ಮೇಲೆ ಅತಿಯಾಗಿ ಭರವಸೆ ಇಟ್ಟದ್ದು ಸಂಸ್ಥೆಯ ದೊಡ್ಡ ತಪ್ಪಾಗಿತ್ತೆಂದು ಅದರ ಮುಖ್ಯಸ್ಥ ಮಾರ್ಕ್ ಜುಕರ್‌ಬರ್ಗ್ ಮರುತಿಂಗಳು ಬಹಿರಂಗವಾಗಿ ಒಪ್ಪಿಕೊಂಡರು. ಮೂರು ವರ್ಷಗಳ ತರುವಾಯ ಅದೇ ಸಂಸ್ಥೆಯಿಂದ ಎರಡನೆಯ ಮಾರ್ಗದ ರಿಯಾಕ್ಟ್ ನೇಟಿವ್ ಹೊರಬಂದಿತು.

ಎರಡನೆಯ ಮಾರ್ಗವೂ ಎಲ್ಲರಿಗೂ ಒಗ್ಗಲಿಲ್ಲ. ವಸತಿ ಕಾಯ್ದಿರಿಸುವ ಏರ್‌ಬಿಎನ್‌ಬಿ ಸಂಸ್ಥೆ 2018ರಲ್ಲಿ ರಿಯಾಕ್ಟ್ ನೇಟಿವ್ ಕೈಬಿಡುವುದಾಗಿ ಪ್ರಕಟಿಸಿತು. ಈಗಾಗಲೇ ಇದ್ದ ಎರಡು ದೊಡ್ಡ ಆಪ್‌ಗಳ ನಡುವೆ ಹೊಸದನ್ನು ಸೇರಿಸಿದ್ದರಿಂದ, ಎರಡರ ಬದಲು ಮೂರು ವ್ಯವಸ್ಥೆಗಳನ್ನು ನೋಡಿಕೊಳ್ಳುವ ಹೊರೆ ಅದಕ್ಕೆ ಬಂದಿತ್ತು. ಹೊಸದಾಗಿ ಆರಂಭಿಸುವ ಸಣ್ಣ ಉದ್ಯಮಕ್ಕೆ ಈ ತೊಡಕು ಇರುವುದಿಲ್ಲ.

ಬೆಂಗಳೂರಿನ ಅನುಭವವೂ ಗಮನಾರ್ಹ. ಮಿಂತ್ರಾ ಸಂಸ್ಥೆ 2015ರ ಮೇ ತಿಂಗಳಲ್ಲಿ ಜಾಲತಾಣವನ್ನು ಮುಚ್ಚಿ ಆಪ್ ಮೂಲಕವೇ ಮಾರಾಟ ಎಂದು ಸಾರಿತು. 2016ರ ಜೂನ್‌ನಲ್ಲಿ ಜಾಲತಾಣವನ್ನು ಮತ್ತೆ ತೆರೆಯಿತು. ಫ್ಲಿಪ್‌ಕಾರ್ಟ್ ಸಂಸ್ಥೆಯೂ ಮೊಬೈಲ್ ಜಾಲತಾಣವನ್ನು ನಿಲ್ಲಿಸಿತ್ತು. 2015ರ ನವೆಂಬರ್‌ನಲ್ಲಿ ಫ್ಲಿಪ್‌ಕಾರ್ಟ್ ಲೈಟ್ ಎಂಬ ಮೂರನೆಯ ಮಾರ್ಗದ ಜಾಲತಾಣವನ್ನು ಹೊರತಂದಿತು. ಗಿರಾಕಿಯನ್ನು ಒಂದೇ ಬಾಗಿಲಿನಿಂದ ಬರುವಂತೆ ಒತ್ತಾಯಿಸುವುದು ಲಾಭಕರವಲ್ಲ ಎಂಬುದು ಇದರ ತಾತ್ಪರ್ಯ.

ಆರ್ಡರ್ ಪರದೆ: ಹಂತ ಹಂತವಾಗಿ

ಅಗರಬತ್ತಿ ತಯಾರಕರ ಉದಾಹರಣೆಗೆ ಮರಳಿದರೆ, ಯಾವ ಮಾರ್ಗವನ್ನು ಆರಿಸಿದರೂ ಪರದೆ ನಿರ್ಮಾಣದಲ್ಲಿ ಕೆಳಗಿನ ಕ್ರಮ ಅನುಸರಣೀಯ.

ಮೊದಲ ಹಂತ, ಕಾಗದ. ಹಳೆಯ ಆರ್ಡರ್ ಪುಸ್ತಕದ ಒಂದು ಹಾಳೆಯನ್ನು ಮುಂದಿಟ್ಟುಕೊಂಡು, ಅದರಲ್ಲಿ ನಿಜವಾಗಿ ತುಂಬಲಾಗುವ ಅಂಕಣಗಳು ಯಾವುವು ಎಂದು ಗುರುತಿಸಬೇಕು. ಅಂಗಡಿಯ ಹೆಸರು, ಸುಗಂಧ, ಪೊಟ್ಟಣದ ತೂಕ, ಡಜನ್, ದರ, ಇವಿಷ್ಟೇ ಬಳಕೆಯಲ್ಲಿದ್ದರೆ ಪರದೆಯಲ್ಲಿಯೂ ಅವಿಷ್ಟೇ ಇರಬೇಕು. ಹೆಚ್ಚುವರಿ ಅಂಕಣ ಒಂದೊಂದೂ ಅಂಗಡಿಯ ಮುಂದೆ ನಿಂತ ಪ್ರತಿನಿಧಿಯ ಸಮಯವನ್ನು ತಿನ್ನುತ್ತದೆ.

ಎರಡನೆಯ ಹಂತ, ಪ್ರಮಾಣ. ಫೋನುಗಳ ಪರದೆಯ ಅಗಲ ಒಂದೇ ಸಮ ಇರುವುದಿಲ್ಲ. ಹೆಸರಿನ ಅಂಕಣ ಇಷ್ಟೇ ಅಗಲ ಎಂದು ನಿಗದಿ ಮಾಡಿದರೆ ಚಿಕ್ಕ ಫೋನಿನಲ್ಲಿ ಡಜನ್ ಅಂಕಣ ಪರದೆಯಿಂದ ಹೊರಗೆ ಹೋಗುತ್ತದೆ. ಹೆಸರಿಗೆ ಮೂರು ಪಾಲು, ಡಜನ್‌ಗೆ ಒಂದು ಪಾಲು ಎಂಬ ರೀತಿ ಪ್ರಮಾಣದಲ್ಲಿ ಬರೆದರೆ ಎಲ್ಲ ಫೋನುಗಳಲ್ಲಿಯೂ ಹೊಂದಿಕೊಳ್ಳುತ್ತದೆ. ಫ್ಲೆಕ್ಸ್‌ಬಾಕ್ಸ್ ಎಂಬ ಈ ಜೋಡಣಾ ಕ್ರಮವನ್ನು ಎಚ್‌ಟಿಎಂಎಲ್ ಪುಟಗಳೂ ರಿಯಾಕ್ಟ್ ನೇಟಿವ್ ಕೂಡ ಬಳಸುತ್ತವೆ.

ಮೂರನೆಯ ಹಂತ, ಕನ್ನಡ. ವಸ್ತುಗಳ ಪಟ್ಟಿ ಹಳೆಯ ಡಿಟಿಪಿ ಫಾಂಟುಗಳಲ್ಲಿದ್ದರೆ ಆಪ್‌ನಲ್ಲಿ ಅದು ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತದೆ; ಯೂನಿಕೋಡ್‌ಗೆ ಪರಿವರ್ತಿಸಿಯೇ ಕೊಡಬೇಕು. ಇಂಗ್ಲಿಷ್ ಅಕ್ಷರಗಳಿಗೆ ಅಳವಡಿಸಿದ ಸಾಲಿನ ಎತ್ತರ ಕನ್ನಡಕ್ಕೆ ಸಾಲದು. ಎತ್ತರ ಕಡಿಮೆಯಾದರೆ ಒತ್ತಕ್ಷರಗಳ ಕೆಳಭಾಗ ಕತ್ತರಿಸಿಹೋಗುತ್ತದೆ. ಒಂದೇ ಪದ ಕನ್ನಡದಲ್ಲಿ ಉದ್ದವಾಗುವುದೂ ಉಂಟು. ಗುಂಡಿಗಳ ಅಗಲ ಪಠ್ಯಕ್ಕೆ ತಕ್ಕಂತೆ ಹಿಗ್ಗುವಂತಿರಬೇಕು.

ನಾಲ್ಕನೆಯ ಹಂತ, ನೆಟ್‌ವರ್ಕ್ ಇಲ್ಲದ ಊರು. ಉಳಿಸಿ ಎಂಬ ಗುಂಡಿ ಒತ್ತಿದಾಗ ಆರ್ಡರ್ ಮೊದಲು ಫೋನಿನಲ್ಲಿಯೇ ದಾಖಲಾಗಬೇಕು. ಸಂಪರ್ಕ ದೊರೆತಾಗ ಕಾರ್ಖಾನೆಯ ಗಣಕಕ್ಕೆ ಹೋಗಬೇಕು. ಹೋದದ್ದು, ಹೋಗದೆ ಉಳಿದದ್ದು ಎರಡನ್ನೂ ಪರದೆ ಸ್ಪಷ್ಟವಾಗಿ ತೋರಿಸಬೇಕು. ಇಲ್ಲದಿದ್ದಲ್ಲಿ ಪ್ರತಿನಿಧಿಗೆ ಆಪ್‌ನ ಮೇಲೆ ನಂಬಿಕೆ ಹೋಗಿ, ಅವರು ಮತ್ತೆ ಪುಸ್ತಕಕ್ಕೆ ಮರಳುತ್ತಾರೆ. ಹೂಡಿದ ಹಣ ವ್ಯರ್ಥವಾಗುತ್ತದೆ.

ಐದನೆಯ ಹಂತ, ಎರಡು ಬಾರಿ ಒತ್ತಿದ ಗುಂಡಿ. ಸಂಪರ್ಕ ನಿಧಾನವಾದಾಗ ಮನುಷ್ಯ ಗುಂಡಿಯನ್ನು ಮತ್ತೆ ಒತ್ತುವುದು ಸಹಜ. ಆಗ ಐದು ಪೆಟ್ಟಿಗೆಯ ಆರ್ಡರ್ ಹತ್ತು ಪೆಟ್ಟಿಗೆಯಾಗಿ ಹೊರಟು, ಸಾಗಣೆ ಮತ್ತು ವಾಪಸಾತಿಯ ವೆಚ್ಚ ತಯಾರಕರ ಮೇಲೆ ಬೀಳುತ್ತದೆ. ಪರದೆ ತೆರೆದ ಕೂಡಲೇ ಆ ಆರ್ಡರಿಗೆ ಒಂದು ವಿಶಿಷ್ಟ ಸಂಖ್ಯೆ ಹುಟ್ಟಬೇಕು. ಅದೇ ಸಂಖ್ಯೆಯ ಆರ್ಡರ್ ಎರಡನೆಯ ಬಾರಿ ಬಂದರೆ ಕಾರ್ಖಾನೆಯ ಗಣಕ ಅದನ್ನು ಹೊಸದೆಂದು ಎಣಿಸಬಾರದು. ಬಿಲ್ಲಿಗೆ ಕ್ರಮಸಂಖ್ಯೆ ಇರುವಂತೆಯೇ ಇದು.

ಆರನೆಯ ಹಂತ, ಪರೀಕ್ಷೆ. ತಂತ್ರಾಂಶ ತಯಾರಕರ ಕಚೇರಿಯ ಹೊಸ ಫೋನಿನಲ್ಲಿ ನೋಡಿ ಒಪ್ಪಿಗೆ ನೀಡಬಾರದು. ಪ್ರತಿನಿಧಿಗಳಲ್ಲಿ ಅತ್ಯಂತ ಹಳೆಯ, ಅಗ್ಗದ ಫೋನ್ ಯಾರ ಬಳಿ ಇದೆಯೋ ಅವರ ಕೈಯಲ್ಲಿ, ಬಿಸಿಲಿನಲ್ಲಿ, ನಿಜವಾದ ಅಂಗಡಿಯೊಂದರ ಮುಂದೆ ಪರೀಕ್ಷಿಸಬೇಕು. ಬರವಣಿಗೆ ಒಂದೇ ಆದರೂ ಪರೀಕ್ಷೆ ಆಂಡ್ರಾಯ್ಡ್ ಮತ್ತು ಐಫೋನ್ ಎರಡರಲ್ಲಿಯೂ ಪ್ರತ್ಯೇಕವಾಗಿ ನಡೆಯತಕ್ಕದ್ದು.

ಒಪ್ಪಂದದಲ್ಲಿ ಇರಬೇಕಾದವು

ಅನೇಕ ಉದ್ಯಮಿಗಳು ಹಣ ಕೊಟ್ಟ ಮೇಲೆ ಆಪ್ ತಮ್ಮದೇ ಎಂದು ಭಾವಿಸುತ್ತಾರೆ. ಕಾನೂನು ಹಾಗೆ ಹೇಳುವುದಿಲ್ಲ. 1957ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ ಗಣಕ ಪ್ರೋಗ್ರಾಮ್ ಒಂದು ಸಾಹಿತ್ಯ ಕೃತಿ. ಸಂಬಳದ ನೌಕರರು ಕೆಲಸದ ಭಾಗವಾಗಿ ಬರೆದದ್ದು, ವಿರುದ್ಧವಾದ ಕರಾರು ಇಲ್ಲದಿದ್ದರೆ, ಮಾಲೀಕರಿಗೆ ಸೇರುತ್ತದೆ. ಹೊರಗಿನ ಗುತ್ತಿಗೆದಾರರು ಬರೆದದ್ದರ ಹಕ್ಕು ಲಿಖಿತ ವರ್ಗಾವಣೆಯಾಗದ ಹೊರತು ಸಾಮಾನ್ಯವಾಗಿ ಅವರಲ್ಲಿಯೇ ಉಳಿಯುತ್ತದೆ. 19ನೆಯ ಪ್ರಕರಣದಂತೆ ವರ್ಗಾವಣೆ ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಅದು ಐದು ವರ್ಷಕ್ಕೆ ಮಾತ್ರ ಎಂದೂ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಎಂದೂ ಪರಿಗಣಿಸಲಾಗುತ್ತದೆ. ರಫ್ತು ವಹಿವಾಟು ಉಳ್ಳವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಆದುದರಿಂದ ಒಪ್ಪಂದದಲ್ಲಿ ಈ ಅಂಶಗಳು ಇರಲೇಬೇಕು:

ಅ) ಸೋರ್ಸ್ ಕೋಡ್ ಎಂಬ ಮೂಲ ಬರವಣಿಗೆ ಪೂರ್ಣವಾಗಿ ಉದ್ಯಮಿಗೆ ಹಸ್ತಾಂತರವಾಗಬೇಕು, ಹಕ್ಕಿನ ಅವಧಿ ಮತ್ತು ಪ್ರದೇಶ ಸ್ಪಷ್ಟವಾಗಿರಬೇಕು.

ಆ) ಸ್ಟೋರ್ ಖಾತೆಗಳು ಉದ್ಯಮದ ಹೆಸರಿನಲ್ಲಿಯೇ ಇರಬೇಕು. ಗೂಗಲ್ ಪ್ಲೇ ಖಾತೆಗೆ ಒಂದು ಬಾರಿ 25 ಡಾಲರ್, ಆಪಲ್ ಖಾತೆಗೆ ಪ್ರತಿ ವರ್ಷ 99 ಡಾಲರ್ ಶುಲ್ಕವಿದೆ. ಸಂಸ್ಥೆಯ ಹೆಸರಿನ ಖಾತೆಗೆ ಡಿ-ಯು-ಎನ್-ಎಸ್ ಸಂಖ್ಯೆ ಬೇಕಾಗುವುದರಿಂದ ಮುಂಚಿತವಾಗಿಯೇ ಅರ್ಜಿ ಸಲ್ಲಿಸುವುದು ಒಳಿತು.

ಇ) ಆಪ್‌ಗೆ ಮುದ್ರೆಯೊತ್ತುವ ಡಿಜಿಟಲ್ ಕೀಲಿ ಮತ್ತು ಅದರ ಗುಪ್ತಪದಗಳು ಉದ್ಯಮಿಯ ಬಳಿಯೂ ಇರಬೇಕು. ಕೀಲಿ ಇಲ್ಲದೆ ಆಪ್‌ನ ಹೊಸ ಆವೃತ್ತಿಯನ್ನು ಹೊರತರುವುದು ಕಷ್ಟ.

ಈ) ವಾರ್ಷಿಕ ನಿರ್ವಹಣೆಯ ದರ ಮೊದಲೇ ನಿಗದಿಯಾಗಬೇಕು. ಆಪ್‌ಗಳು ಹೊಸ ಆಂಡ್ರಾಯ್ಡ್ ಆವೃತ್ತಿಗೆ ಹೊಂದಿಕೊಂಡಿರಬೇಕೆಂಬ ತನ್ನ ನಿಯಮವನ್ನು ಗೂಗಲ್ ಪ್ರತಿವರ್ಷ ಮುಂದೊಯ್ಯುತ್ತದೆ. ಸಾಧನಗಳಿಗೂ ಆಯುಷ್ಯವಿದೆ: ಅಡೋಬಿ 2020ರಲ್ಲಿ ಫೋನ್‌ಗ್ಯಾಪ್ ಸೇವೆಯನ್ನು ನಿಲ್ಲಿಸಿತು, ಮಾವಿಗೆ ಪೂರ್ವಜನಾದ ಜಾಮರಿನ್‌ಗೆ ಮೈಕ್ರೋಸಾಫ್ಟ್‌ನ ಬೆಂಬಲ 2024ರ ಮೇ 1ಕ್ಕೆ ಕೊನೆಗೊಂಡಿತು.

ಉ) ಮೊದಲ ಮಾರ್ಗವನ್ನು ಅನುಸರಿಸಿದಲ್ಲಿ, ಕೇವಲ ಜಾಲತಾಣವನ್ನೇ ಆಪ್ ರೂಪದಲ್ಲಿ ಕಟ್ಟಿಕೊಟ್ಟರೆ ಆಪಲ್ ಅದನ್ನು ತಿರಸ್ಕರಿಸಬಹುದು. ಹಾಗಾದರೆ ಹೊಣೆ ಯಾರದು ಎಂಬುದನ್ನು ಬರೆದಿಡಬೇಕು.

ಯಾರಿಗೆ ಯಾವುದು?

ಪ್ರತಿನಿಧಿಗಳಿಗೆ ಉದ್ಯಮವೇ ಆಂಡ್ರಾಯ್ಡ್ ಫೋನ್ ಕೊಡಿಸಿದ್ದರೆ ಎರಡು ವ್ಯವಸ್ಥೆಗಳ ಪ್ರಶ್ನೆಯೇ ಏಳುವುದಿಲ್ಲ. ಒಂದೇ ಆಪ್ ಸಾಕು. ಗಿರಾಕಿಗಳಿಗೆ ದರಪಟ್ಟಿ ತೋರಿಸಿ ಆರ್ಡರ್ ಪಡೆಯುವುದಷ್ಟೇ ಉದ್ದೇಶವಾಗಿದ್ದರೆ ಮೂರನೆಯ ಮಾರ್ಗ ಅಗ್ಗವೂ ಸುಲಭವೂ ಹೌದು. ಈಗಾಗಲೇ ಒಳ್ಳೆಯ ಜಾಲತಾಣವಿದ್ದು, ಕ್ಯಾಮೆರಾ ಮೊದಲಾದ ಒಂದೆರಡು ಸೌಲಭ್ಯಗಳು ಮಾತ್ರ ಹೆಚ್ಚಾಗಿ ಬೇಕಿದ್ದರೆ ಮೊದಲ ಮಾರ್ಗ ಸೂಕ್ತ. ದಿನವಿಡೀ ಬಳಕೆ, ದೊಡ್ಡ ಪಟ್ಟಿ, ಮುದ್ರಣಯಂತ್ರ, ಎರಡೂ ಬಗೆಯ ಫೋನುಗಳು ಇರುವಲ್ಲಿ ಎರಡನೆಯ ಮಾರ್ಗಕ್ಕೆ ಹಣ ಹೂಡುವುದು ನ್ಯಾಯ.

ಅಗರಬತ್ತಿ ತಯಾರಕರ ಮುಂದಿರುವ ಎರಡು ಕೊಟೇಶನ್ನುಗಳಲ್ಲಿ ಕಡಿಮೆ ಮೊತ್ತದ್ದು ಕಳಪೆ ಎಂದು ಮೊದಲೇ ತೀರ್ಮಾನಿಸಲು ಕಾರಣವಿಲ್ಲ. ಯಾವ ಮಾರ್ಗ, ನೆಟ್‌ವರ್ಕ್ ಇಲ್ಲದಾಗ ಆರ್ಡರ್ ಎಲ್ಲಿರುತ್ತದೆ, ಎರಡು ಬಾರಿ ಒತ್ತಿದರೆ ಏನಾಗುತ್ತದೆ, ಮೂಲ ಬರವಣಿಗೆ ಯಾರದು ಎಂಬ ನಾಲ್ಕು ಪ್ರಶ್ನೆಗಳನ್ನು ಇಬ್ಬರಿಗೂ ಲಿಖಿತವಾಗಿ ಕೇಳಿ, ಉತ್ತರಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಸಾಕು. ಸರಕು ಕೊಳ್ಳುವಾಗ ತೂಕ, ಗುಣ, ದರ ಮೂರನ್ನೂ ನೋಡುವ ವ್ಯಾಪಾರಿಗೆ ಈ ಪರೀಕ್ಷೆ ಹೊಸದೇನಲ್ಲ.